ಕೋಮೋ ಸರೋವರದ ಪ್ರವಾಸ: ಭಾನುವಾರದೊಳಗೆ ಉತ್ತರ ಕೊಡಿ

ಎಲ್ಲರಿಗೂ ನಮಸ್ಕಾರ,

ಮೇ ತಿಂಗಳ ಇಟಲಿ ಪ್ರವಾಸಕ್ಕೆ ಹೆಸರು ಕೊಟ್ಟವರೆಲ್ಲ ದಯವಿಟ್ಟು ಪೂರ್ತಿ ಓದಿ. ಬಾಡಿಗೆ ಕಾರು ಬೇಡ ಅಂತ ನನ್ನ ಸಲಹೆ. ಸರೋವರದ ದಡದ ರಸ್ತೆ ತುಂಬಾ ಕಿರಿದು, ಪಾರ್ಕಿಂಗ್ ಸಿಗುವುದು ಕಷ್ಟ, ಓಡಿಸುವವರಿಗೆ ನೀರು ನೋಡಲೂ ಪುರಸೊತ್ತಿರಲ್ಲ.

ಸರೋವರದ ದಡದ ವರೆನ್ನಾ ಊರಲ್ಲೇ ಉಳಿಯೋಣ. ಮಿಲಾನ್‌ನ ಮುಖ್ಯ ಸ್ಟೇಷನ್ ಮಿಲಾನೋ ಚೆಂಟ್ರಾಲೆಯಿಂದ ಟಿರಾನೋ ಕಡೆಗೆ ಹೋಗುವ ರೈಲು ಹತ್ತಿದರೆ ಸುಮಾರು ಒಂದು ಗಂಟೆ ದಾರಿ, ಎಡಗಡೆ ಕೂತರೆ ಲೆಕ್ಕೋ ದಾಟಿದ ಮೇಲೆ ನೀರು ಚೆನ್ನಾಗಿ ಕಾಣುತ್ತದೆ. ಕಾಗದದ ಟಿಕೆಟ್ ತೆಗೆದುಕೊಂಡವರು ರೈಲು ಹತ್ತುವ ಮೊದಲೇ ಸ್ಟೇಷನ್ನಿನ ಮೆಷಿನ್‌ನಲ್ಲಿ ಮುದ್ರೆ ಹಾಕಿಸಲೇಬೇಕು, ಇಲ್ಲಾಂದ್ರೆ ದಂಡ ಬೀಳಬಹುದು.

ಅಲ್ಲಿಂದ ಮುಂದೆ ಎಲ್ಲ ದೋಣಿಯಲ್ಲೇ. ಬೆಲ್ಲಾಜಿಯೋಗೆ ಫೆರಿಯಲ್ಲಿ ಸುಮಾರು 15 ನಿಮಿಷ. ಟ್ರೆಮೆಟ್ಸೋದ ವಿಲ್ಲಾ ಕಾರ್ಲೊಟ್ಟಾ ತೋಟದ ಅಜೇಲಿಯಾ ಹೂಗಳನ್ನು ಮಾತ್ರ ತಪ್ಪಿಸುವುದು ಬೇಡ, ಏಪ್ರಿಲ್-ಮೇ ಅವುಗಳ ಕಾಲ. ನಡೆಯುವವರಿಗೆ ಕೊಲೊನ್ನೋದಿಂದ ಶುರುವಾಗುವ 10 ಕಿ.ಮೀ. ಗ್ರೀನ್‌ವೇ ಕಾಲುದಾರಿ ಇದೆ. ಆಗಲ್ಲ ಅನ್ನುವವರು ದಡದಲ್ಲಿ ಸುಮ್ನೆ ಕೂತಿರಬಹುದು, ರಜೆ ಅಂದ್ರೆ ಅದೇ ಅಲ್ವಾ? ದಿನಕ್ಕೆ ಒಂದೇ ಊರು ಸಾಕು.

ಈ ಊರುಗಳಲ್ಲಿ ಕಲ್ಲಿನ ಮೆಟ್ಟಿಲು ಜಾಸ್ತಿ, ದೊಡ್ಡ ಸೂಟ್‌ಕೇಸ್ ತರಬೇಡಿ. ಮಂಡಿನೋವು ಇರುವ ಹಿರಿಯರು ಬರುತ್ತಿದ್ದರೆ ಈಗಲೇ ಹೇಳಿ, ಫೆರಿ ಕಟ್ಟೆಗೆ ಹತ್ತಿರದ ಮನೆ ನೋಡುತ್ತೇನೆ.

ಎಷ್ಟು ಜನ, ಸಸ್ಯಾಹಾರಿಗಳು ಯಾರು, ವೀಸಾ ಆಗಿದೆಯಾ? ಮೂರಕ್ಕೂ ಭಾನುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಸೋಮವಾರ ಮನೆ ಬುಕ್ ಮಾಡುತ್ತೇನೆ.