ಅಮ್ಮನಿಗೆ, ಮೊನ್ನೆಯ ಖುಷಿಯ ಬಗ್ಗೆ

ಇಂಗ್ಲೆಂಡ್
ಭಾನುವಾರ

ಪ್ರೀತಿಯ ಅಮ್ಮನಿಗೆ,

ನಾನು ಇಲ್ಲಿ ಆರಾಮಾಗಿದ್ದೇನೆ. ಮೊನ್ನೆ ನೈಟ್ ಡ್ಯೂಟಿ ಮುಗಿಸಿ ಫೋನ್ ಮಾಡಿದಾಗ "ಏನೇ ಇಷ್ಟು ಖುಷಿ?" ಅಂತ ಕೇಳಿದೆಯಲ್ಲ. ಅಲ್ಲಿ ಅಪ್ಪ ಊಟಕ್ಕೆ ಕೂತಿದ್ದರು, ಅದಕ್ಕೇ ಹೇಳಲಿಲ್ಲ. ನಮ್ಮ ಐಸಿಯುನಲ್ಲಿ ಒಂದು ಮಗು ಆರು ದಿನದ ಮೇಲೆ ಕಕ್ಕ ಮಾಡಿತ್ತು. ಅದೇ ಖುಷಿ.

ನಾಲ್ಕು ವರ್ಷದ ಹುಡುಗ. ನ್ಯುಮೋನಿಯಾ ಜೋರಾಗಿ ವೆಂಟಿಲೇಟರ್ ಹಾಕಿದ್ದರು. ಗಂಟಲಲ್ಲಿ ಟ್ಯೂಬ್ ಇಟ್ಟುಕೊಂಡು ಎಚ್ಚರವಾಗಿರುವುದು ಕಷ್ಟ, ಅದಕ್ಕೆ ಮಾರ್ಫಿನ್ ಕೊಡುತ್ತೇವೆ. ಆ ಔಷಧಿಗೆ ಕರುಳೂ ನಿದ್ದೆ ಹೋಗುತ್ತದೆ. ಊಟ ಅಂದರೆ ಮೂಗಿನ ನಳಿಕೆಯಲ್ಲಿ ಬಿಡುವ ಸ್ವಲ್ಪ ಹಾಲು. ಮೈ ಅಲ್ಲಾಡುವುದಿಲ್ಲ. ನೀರನ್ನೂ ಅಳೆದೇ ಕೊಡುತ್ತೇವೆ. ಇನ್ನು ಹೊಟ್ಟೆ ಕಟ್ಟದೆ ಇರುತ್ತಾ?

ಮೊದಲ ದಿನಗಳಲ್ಲಿ ಎಲ್ಲರ ಕಣ್ಣೂ ಆಕ್ಸಿಜನ್, ಬಿಪಿ ಮೇಲೆ. ಚಾರ್ಟಿನಲ್ಲಿ ಕಕ್ಕದ ಸಾಲು ಖಾಲಿ ಇದ್ದದ್ದು ನನಗೂ ಕಾಣಲಿಲ್ಲ. ಅದು ಈಗಲೂ ಕೊರೆಯುತ್ತದೆ ಅಮ್ಮ. ಮಾರ್ಫಿನ್ ಶುರುವಾದ ಬೆನ್ನಿಗೇ ಹೊಟ್ಟೆಗೂ ಏನಾದರೂ ಕೊಡಬೇಕಿತ್ತು. ನಾಲ್ಕನೇ ದಿನ ನೋಡಿದರೆ ಹೊಟ್ಟೆ ತಮಟೆ ಹಾಗೆ ಬಿಗಿದಿತ್ತು. ಎಡಗಡೆ ಕೆಳಹೊಟ್ಟೆ ಮುಟ್ಟಿದರೆ ಗೋಲಿ ಗೋಲಿಯಾಗಿ ಕೈಗೆ ಸಿಗುತ್ತಿತ್ತು. ಕೊಟ್ಟ ಹಾಲು ನಳಿಕೆಯಲ್ಲಿ ವಾಪಸ್ ಬರುತ್ತಿತ್ತು. ಹೊಟ್ಟೆ ಉಬ್ಬಿ ಮೇಲಕ್ಕೆ ಒತ್ತಿದರೆ ಶ್ವಾಸಕೋಶ ಅರಳಲು ಜಾಗವೆಲ್ಲಿ? ಗಾಳಿ ತಳ್ಳಲು ವೆಂಟಿಲೇಟರಿಗೂ ಜಾಸ್ತಿ ಒತ್ತಡ ಬೇಕಾಯಿತು.

ಕರುಳಲ್ಲಿ ಎಲ್ಲೂ ಅಡ್ಡಿಯಿಲ್ಲ ಅಂತ ಡಾಕ್ಟರು ಮೊದಲು ಖಚಿತ ಮಾಡಿಕೊಂಡರು. ಅಡ್ಡಿ ಇದ್ದಾಗ ಭೇದಿ ಮಾಡಿಸುವ ಔಷಧಿ ಕೊಟ್ಟರೆ ಅಪಾಯ. ಆಮೇಲೆ ಮ್ಯಾಕ್ರೊಗಾಲ್ ಪುಡಿಯನ್ನು ನೀರಿಗೆ ಕಲಸಿ ನಳಿಕೆಯಲ್ಲಿ ಬಿಟ್ಟೆವು. ಅದು ನೀರನ್ನು ಕರುಳಲ್ಲೇ ಹಿಡಿದಿಟ್ಟು ಗಟ್ಟಿಯಾದದ್ದನ್ನು ಮೆತ್ತಗೆ ಮಾಡುತ್ತದೆ. ರಾತ್ರಿಗೆ ಸೆನ್ನಾ. ಬೇರೇನಲ್ಲ, ನಮ್ಮ ಗ್ರಂಧಿಗೆ ಅಂಗಡಿಯ ಸೋನಾಮುಖಿಯೇ. ಅದು ಕರುಳನ್ನು ತಟ್ಟಿ ಎಬ್ಬಿಸುತ್ತದೆ.

ಮರುದಿನವೂ ಆಗಲಿಲ್ಲ. ಆರನೇ ರಾತ್ರಿ ಗ್ಲಿಸರಿನ್ ಸಪೋಸಿಟರಿ, ಅಂದರೆ ಗುದದೊಳಗೆ ಇಡುವ ಔಷಧಿ, ಇಟ್ಟೆ. ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಅಜ್ಜಿ ಕೂಸುಗಳಿಗೆ ಇಡುತ್ತಿದ್ದಳಲ್ಲ, ಅದು ನೆನಪಾಯಿತು. ಆದರೆ ಇಲ್ಲಿ ಸಪೋಸಿಟರಿಯನ್ನೂ ಎಲ್ಲ ಮಕ್ಕಳಿಗೆ ಇಡುವ ಹಾಗಿಲ್ಲ. ಪ್ಲೇಟ್‌ಲೆಟ್ ಅಥವಾ ಬಿಳಿ ರಕ್ತಕಣ ಕಮ್ಮಿ ಇರುವ ಮಗುವಿಗೆ ಸಣ್ಣ ಗೀರಾದರೂ ರಕ್ತ ನಿಲ್ಲದು, ಇಲ್ಲವೇ ಸೋಂಕು ಹತ್ತುತ್ತದೆ.

ಬೆಳಗಿನ ಜಾವ 3 ಗಂಟೆಗೆ ನ್ಯಾಪಿ ತುಂಬಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬ್ರಿಸ್ಟಲ್ ಚಾರ್ಟ್ ಅಂತ ಒಂದಿದೆ, ಅದರಲ್ಲಿ ಮಲವನ್ನು 7 ಬಗೆಯಾಗಿ ಗುರುತಿಸುತ್ತಾರೆ. 1 ಅಂದರೆ ಆಡಿನ ಹಿಕ್ಕೆ, 7 ಅಂದರೆ ಬರೀ ನೀರು. ಮೊದಲನೆಯದಕ್ಕೆ 1, ಎರಡನೆಯದಕ್ಕೆ 4 ಅಂತ ಬರೆದೆ. ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅವನ ಅಮ್ಮನನ್ನು ಎಬ್ಬಿಸಿ ಹೇಳಿದೆ. ನನ್ನ ಗ್ಲೌಸ್ ಹಾಕಿದ ಕೈಯನ್ನೇ ಹಿಡಿದು ಅತ್ತುಬಿಟ್ಟರು. ಬೆಳಗಾಗುವಷ್ಟರಲ್ಲಿ ಹೊಟ್ಟೆ ಇಳಿದಿತ್ತು. ಹಾಲು ದಕ್ಕತೊಡಗಿತು. ವೆಂಟಿಲೇಟರ್ ಒತ್ತಡವನ್ನೂ ಸ್ವಲ್ಪ ಇಳಿಸಿದರು.

ಅಕ್ಕನ ಪಾಪು ಎರಡು ದಿನದಿಂದ ಕಕ್ಕ ಮಾಡಿಲ್ಲ ಅಂದೆಯಲ್ಲ. ಎರಡು ತಿಂಗಳು ತುಂಬಿದೆ, ಬರೀ ಎದೆಹಾಲು ಕುಡಿಯುತ್ತದೆ. ಹೊಟ್ಟೆ ಮೆತ್ತಗಿದ್ದು, ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಅದು ಸಹಜವೇ, ಗಾಬರಿ ಬೇಡ. ಆದರೆ ಹಸಿರು ವಾಂತಿಯಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೊಟ್ಟು ಇಡುವುದು ಬೇಡ ಅಂತ ಅಜ್ಜಿಗೆ ಮೆಲ್ಲಗೆ ಹೇಳು, ಬೇಜಾರು ಮಾಡಿಕೊಳ್ಳದ ಹಾಗೆ.

ಇಂತಿ,
ನಿನ್ನ ಮಗಳು