ಎಂಬಿಸಿ ಎಷ್ಟರಮಟ್ಟಿಗೆ ಖಾಸಗಿ?

ಮಾನ್ಯರೇ,

ಅರಬ್ ಜಗತ್ತಿನ ದೊಡ್ಡ ಟಿ.ವಿ. ಸಮೂಹವಾದ ಎಂಬಿಸಿಯನ್ನು ಇಂದಿಗೂ ಅನೇಕರು ‘ಖಾಸಗಿ’ ಎಂದೇ ಕರೆಯುತ್ತಾರೆ. 1991ರಲ್ಲಿ ಲಂಡನ್ನಿನಿಂದ ಪ್ರಸಾರ ಆರಂಭಿಸಿದ ಈ ವಾಹಿನಿಯ ಸ್ಥಾಪಕ ವಲೀದ್ ಅಲ್ ಇಬ್ರಾಹಿಂ, ಸೌದಿಯ ಆಗಿನ ದೊರೆ ಫಹದ್ ಅವರ ಪತ್ನಿಯ ಸಹೋದರ. ಅಂದರೆ ಅರಮನೆಯ ನಂಟು ಮೊದಲಿನಿಂದಲೂ ಇತ್ತು. 2002ರಲ್ಲಿ ಸಂಸ್ಥೆ ದುಬೈಗೆ ಬಂದಿತು, ಮರುವರ್ಷ ‘ಅಲ್ ಅರೇಬಿಯಾ’ ಸುದ್ದಿವಾಹಿನಿ ಹುಟ್ಟಿತು.

2017ರ ನವೆಂಬರ್‌ನಲ್ಲಿ ಭ್ರಷ್ಟಾಚಾರ ವಿರೋಧಿ ಕಾರ್ಯಾಚರಣೆಯ ಹೆಸರಿನಲ್ಲಿ ರಿಯಾದ್‌ನ ಪಂಚತಾರಾ ಹೋಟೆಲೊಂದರಲ್ಲಿ ಇರಿಸಲಾದವರಲ್ಲಿ ವಲೀದ್ ಕೂಡ ಒಬ್ಬರು. ಮರುವರ್ಷದ ಜನವರಿಯಲ್ಲಿ ಅವರು ಹೊರಬಂದ ಬಳಿಕ ಸಂಸ್ಥೆಯ ಶೇ 60ರಷ್ಟು ಪಾಲು ಸೌದಿ ಸರ್ಕಾರದ ಕೈ ಸೇರಿ, ಅವರಿಗೆ ಶೇ 40 ಮಾತ್ರ ಉಳಿಯಿತು. 2022ರಲ್ಲಿ ಕೇಂದ್ರ ಕಚೇರಿಯೂ ರಿಯಾದ್‌ಗೆ ಹೋಯಿತು. 2023ರ ಡಿಸೆಂಬರ್‌ನಲ್ಲಿ ಶೇ 10ರಷ್ಟು ಷೇರುಗಳನ್ನು, ತಲಾ 25 ರಿಯಾಲ್‌ನಂತೆ, ಸಾರ್ವಜನಿಕರಿಗೆ ಮಾರಿದಾಗಲೂ ಸರ್ಕಾರದ ಬಳಿ ಶೇ 54 ಉಳಿದಿತ್ತು.

ಪಾಲು ಸರ್ಕಾರದ ಕೈ ಸೇರಿದ ಹೊತ್ತಿನಲ್ಲಿ ದುಬೈನಲ್ಲಿ ದುಡಿಯುತ್ತಿದ್ದ ನನಗೆ ಅದರ ಪರಿಣಾಮ ಪರದೆಯ ಮೇಲೆಯೇ ಕಂಡಿತು. ಎಂಬಿಸಿಯಲ್ಲಿ ಬರುತ್ತಿದ್ದ, ಸಿರಿಯಾದ ಆಡುಮಾತಿಗೆ ಡಬ್ ಆದ ಟರ್ಕಿಯ ಧಾರಾವಾಹಿಗಳನ್ನು ನೆರೆಮನೆಯ ಅರಬ್ ಹೆಂಗಸರು ರಾತ್ರಿ ಅಡುಗೆ ಮುಗಿಸಿ, ಚಹಾ ಹಿಡಿದು ಒಟ್ಟಿಗೆ ಕುಳಿತು ನೋಡುತ್ತಿದ್ದರು. 2018ರ ಮಾರ್ಚ್‌ನಲ್ಲಿ ಅವೆಲ್ಲ ಒಮ್ಮೆಲೇ ನಿಂತುಹೋದವು. ಕತೆ ನಡುವಿನಲ್ಲೇ ಕಡಿದು ಅವರು ಪಟ್ಟ ಬೇಸರ ನನಗೆ ಚೆನ್ನಾಗಿ ನೆನಪಿದೆ. ವಿದೇಶಿ ವಾಹಿನಿಗಳನ್ನು ಉಲ್ಲೇಖಿಸುವಾಗ ನಮ್ಮ ಮಾಧ್ಯಮಗಳು ಅವುಗಳ ಒಡೆತನವನ್ನೂ ಒಂದು ಸಾಲಿನಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ಓದುಗ, ಉಡುಪಿ