ಅವ್ವನ ಕೊನೆಯ ರಾತ್ರಿ ಕೂತವರಿಗೆ

ಅವ್ವನ ಕಾಯಿಲೆ ಎಂಥದ್ದು, ಎಷ್ಟು ದಿನ ಎಳೆಯಿತು ಎಂಬುದು ಗುಳೇದಗುಡ್ಡದ ನಮ್ಮ ಚರ್ಚಿನ ಸಭೆಗೆಲ್ಲ ಗೊತ್ತು. ರೊಟ್ಟಿ-ಪಲ್ಯ ಕಳಿಸಿದವರು, ಬಾಗಲಕೋಟೆಗೆ ಗಾಡಿ ಮಾಡಿಕೊಟ್ಟವರು, ಸಮಾಧಿಯ ಕೆಲಸಕ್ಕೆ ನಿಂತ ಹುಡುಗರು, ಎಲ್ಲರಿಗೂ ಕೈಮುಗಿಯುತ್ತೇವೆ.

ಕೊನೆಯ ರಾತ್ರಿ ಕೂತ ಅಕ್ಕನ ಬಗ್ಗೆ ಮಾತ್ರ ಬಿಡಿಸಿ ಬರೆಯಬೇಕು. ಹೆಸರು ಬೇಡ ಅಂದಿದ್ದಾರೆ.

ಬಂದವರೇ ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಹಚ್ಚಿದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಬೆನ್ನಿಗೆ ಮಡಿಸಿದ ಕೌದಿ ಕೊಟ್ಟರು. ಹಿಮ್ಮಡಿ ಹಾಸಿಗೆಗೆ ಒತ್ತದಂತೆ ಮೀನಖಂಡದ ಕೆಳಗೆ ದಿಂಬು ಇಟ್ಟರು. ಬಾಯಿ ಒಣಗಿತೆಂದು ನಾವು ಚಮಚದಲ್ಲಿ ನೀರು ಹಾಕಹೋದಾಗ ತಡೆದರು. ನುಂಗಲು ಆಗದವರಿಗೆ ಆ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಹಿಂಡಿದ ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸಿದರೆ ಸಾಕು. ಗಂಟಲು ಗೊರಗೊರ ಅಂದಾಗ ಮಗ್ಗುಲಿಗೆ ಹೊರಳಿಸಿ ತಲೆ ಎತ್ತರಿಸಿದರು. ಆ ಸದ್ದು ಇನ್ನೂ ಕಿವಿ ಬಿಟ್ಟಿಲ್ಲ.

ಅಕ್ಕ ಓದಿದ್ದು ಬೈಬಲಿನ 88ನೆಯ ಕೀರ್ತನೆ. 13ನೆಯದು ಆರೇ ವಚನಗಳಲ್ಲಿ ದೂರಿನಿಂದ ಹಾಡಿಗೆ ಬಂದು ಮುಟ್ಟುತ್ತದೆ. 88 ಕತ್ತಲಲ್ಲೇ ನಿಲ್ಲುತ್ತದೆ. ಅದೂ ಸತ್ಯವೇದದೊಳಗೇ ಇದೆ, ಪ್ರಾರ್ಥನೆಯಾಗಿಯೇ ಇದೆ. "ದೇವರು ಯಾಕ ಹಿಂಗ ಮಾಡಿದಾ" ಎಂದು ನಾವು ಚೀರಿದೆವು. ಅಕ್ಕ ಬಾಯಿ ಮುಚ್ಚಿಸಲಿಲ್ಲ. "ಅಳ್ರಿ, ಆತಗ ಕೇಳಸ್ತದ" ಅಂದರು. ಬೆಳಿಗ್ಗೆ ಓಣಿಯಲ್ಲಿ ಸದ್ದು ಶುರುವಾದ ಮೇಲೆ ಎದ್ದು ತಮ್ಮ ಖಣದ ಮಗ್ಗಕ್ಕೆ ಹೋದರು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ 1851ರಲ್ಲಿ ಬಂದ ಊರು ನಮ್ಮದು. ಬೈಬಲಿನ ವಚನ ನಮಗೆ ಬೇಗ ಬಾಯಿಗೆ ಬರುತ್ತದೆ. ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ನೊಂದ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತಿದ್ದರು, ಆಮೇಲೆ ಅವನ ಸಂಕಟಕ್ಕೆ ಕಾರಣ ಹೇಳಹೋಗಿ ಕೆಟ್ಟರು. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿ ಕೂಡಿಬರುತ್ತದೆ ಎನ್ನುವ ರೋಮಾಪುರದವರಿಗೆ 8:28 ಅನ್ನು ಹಾಸಿಗೆಯ ಪಕ್ಕ ಅವಸರದಲ್ಲಿ ಹೇಳಿದರೆ, ಆದದ್ದೆಲ್ಲ ಒಳ್ಳೆಯದೇ ಎಂದು ಕಿವಿಗೆ ಬೀಳುತ್ತದೆ. ಆ ಪತ್ರ ಬರೆದ ಪೌಲ ಕೆಟ್ಟದ್ದನ್ನು ಒಳ್ಳೆಯದು ಎಂದಿಲ್ಲ. ಅದರ ನಡುವೆಯೂ ದೇವರು ಹಿತ ಮಾಡುತ್ತಾನೆ ಎಂದ. ತನ್ನನ್ನು ಕಾಡುತ್ತಿದ್ದ ಒಂದು ಬಾಧೆಯನ್ನು ಮುಳ್ಳು ಎಂದು ಕರೆದು, ಅದನ್ನು ತೆಗೆಯೆಂದು ಅವನೇ ದೇವರನ್ನು ಮೂರು ಸಲ ಬೇಡಿದ. ಮುಳ್ಳು ಉಳಿಯಿತು, ಕೃಪೆಯೂ ಸಿಕ್ಕಿತು.

ಅವ್ವನಿಗೇ ಯಾಕೆ ಎಂಬುದಕ್ಕೆ ನಮಗೆ ಉತ್ತರ ಸಿಕ್ಕಿಲ್ಲ. 2 ಕೊರಿಂಥ 1:4ರ ಕೆಲಸ ಸಿಕ್ಕಿದೆ: ದೇವರಿಂದ ಪಡೆದ ಸಂತೈಕೆಯನ್ನು ಸಂಕಟದಲ್ಲಿ ಇರುವವರಿಗೆ ಮುಟ್ಟಿಸುವುದು. ಗಾಳಿ ಹಾಸಿಗೆ, ಅದರ ಪಂಪು ಸಭೆಯ ಕೋಣೆಯಲ್ಲಿವೆ, ಬೇಕಾದವರು ಒಯ್ಯಿರಿ. ರಾತ್ರಿ ಕೂರಲು ಜನ ಬೇಕಾದರೆ ಹೇಳಿ ಕಳಿಸಿರಿ, ಬರುತ್ತೇವೆ.